ಮಂದಾಗ್ನಿಯ ಅಡಿಗೆ: ಉಳಿದ ಹೊತ್ತು ಯಾರದು?

ಸಂಸಾರದ ಭಾರವನ್ನು ಹೊತ್ತವರಿಗೆ ಎದುರಾಗುವ ಪ್ರಶ್ನೆಗಳಲ್ಲಿ ಕೆಲವು ದೊಡ್ಡವೆಂದು ಎಣಿಸಲ್ಪಡುತ್ತವೆ. ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆ ಕಟ್ಟುವುದು, ಸಾಲ ತೀರಿಸುವುದು ಮುಂತಾದುವು ಆ ಜಾತಿಯವು. ಇನ್ನು ಕೆಲವನ್ನು ಚಿಕ್ಕವೆಂದು ತಿಳಿದು ಯಾರೂ ವಿಚಾರಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಜೆಯ ಊಟಕ್ಕೆ ಏನು ಮಾಡುವುದೆಂಬ ಪ್ರಶ್ನೆ ಈ ಎರಡನೆಯ ವರ್ಗದ್ದು. ಅದು ದಿನವೂ ಹುಟ್ಟಿ ದಿನವೂ ತೀರುವುದು. ತೀರಿದ ಮೇಲೆ ಅದರ ಗುರುತು ಕೂಡ ಉಳಿಯದು. ಆದರೆ ವರ್ಷಕ್ಕೆ 365 ಸಲ ಬಾಗಿಲು ತಟ್ಟುವ ಪ್ರಶ್ನೆಯನ್ನು ಚಿಕ್ಕದೆಂದು ಹೇಗೆ ಕರೆಯುವುದು? ಮನುಷ್ಯನ ಶೀಲವು ಅಪರೂಪಕ್ಕೆ ಬರುವ ಮಹಾಸಂಕಟಗಳಲ್ಲಿ ಮಾತ್ರ ಪರೀಕ್ಷಿಸಲ್ಪಡುವುದಿಲ್ಲ. ದಿನದಿನವೂ ಯಾರು ದಣಿಯುತ್ತಾರೆ, ಯಾರು ಕಾಯುತ್ತಾರೆ, ಯಾರು ಕುಳಿತು ಉಣ್ಣುತ್ತಾರೆ, ಯಾರು ನಿಂತು ಬಡಿಸುತ್ತಾರೆ ಎಂಬುದರಲ್ಲಿಯೇ ಒಂದು ಮನೆಯ ಧರ್ಮವು ಹೆಚ್ಚಾಗಿ ಕಾಣಿಸಿಕೊಳ್ಳುವುದು.

ಗಂಡಹೆಂಡಿರಿಬ್ಬರೂ ಹೊರಗೆ ದುಡಿಯುವ ಮನೆಗಳು ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಂಥ ಪಟ್ಟಣಗಳಲ್ಲಿ ಸಾಮಾನ್ಯವಾಗಿವೆ. ವಾರದ ಐದಾರು ದಿನಗಳಲ್ಲಿ ಅಂಥ ಮನೆಯ ಸಂಜೆ ಬಹುಮಟ್ಟಿಗೆ ಒಂದೇ ತೆರನಾಗಿರುವುದು. ದೊಡ್ಡವರು ದಾರಿಯ ದಣಿವಿನೊಡನೆ ಮನೆಗೆ ಬರುವ ಹೊತ್ತೂ ಮಕ್ಕಳ ಹಸಿವು ಕೆರಳುವ ಹೊತ್ತೂ ಒಂದೇ. ಶಾಲೆಯ ಪಾಠವನ್ನು ನೋಡಬೇಕಾದುದೂ, ವೃದ್ಧರಿಗೆ ಔಷಧಿ ಕೊಡಬೇಕಾದುದೂ ಅದೇ ಹೊತ್ತಿನಲ್ಲಿ. ಇವೆಲ್ಲದರ ನಡುವೆ ಒಬ್ಬರು, ಬಹುತೇಕ ಮನೆಯ ಹೆಂಗಸೇ, ಒಲೆಯ ಮುಂದೆ ನಿಲ್ಲಬೇಕಾಗುವುದು. ಅನ್ನವೇನೋ ಸಿದ್ಧವಾಗುವುದು, ಆದರೆ ಅದನ್ನು ಬಡಿಸುವ ಕೈಯಲ್ಲಿ ಪ್ರಸನ್ನತೆ ಉಳಿದಿರುವುದಿಲ್ಲ. ಒಂದು ಗದರಿಕೆಯ ಮಾತು, ಒಂದು ಮೌನ, ಬೇಗ ಬೇಗ ಮುಗಿದ ಊಟ. ದಿನವು ಅಲ್ಲಿಗೆ ತೀರುವುದು.

ಈ ಭಾರವನ್ನು ಇಳಿಸಿಕೊಳ್ಳಲು ಮೂರು ದಾರಿಗಳಿವೆ. ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸುವುದು ಒಂದು. ಅದನ್ನು ಬೇರೊಂದು ಹೊತ್ತಿಗೆ ಸರಿಸುವುದು ಎರಡನೆಯದು. ಭಾರವನ್ನೇ ಕಡಮೆ ಮಾಡುವುದು ಮೂರನೆಯದು. ಅಡಿಗೆಯವರನ್ನು ನೇಮಿಸುವುದೂ ಅಂಗಡಿಯಿಂದ ಊಟ ತರಿಸುವುದೂ ಮೊದಲನೆಯ ದಾರಿಗೆ ಸೇರಿದುವು. ಇವುಗಳಲ್ಲಿ ಪಾಪವೇನೂ ಇಲ್ಲ. ಸರಿಯಾದ ಕೂಲಿ ಕೊಟ್ಟರೆ ಒಬ್ಬರ ಜೀವನಕ್ಕೆ ಆಧಾರವೂ ಆಗುವುದು. ಆದರೆ ಸಂಜೆ ಏಳು ಗಂಟೆಗೆ ಪರರ ಮನೆಯಲ್ಲಿ ಸಾರು ಕುದಿಸುವ ಹೆಂಗಸಿಗೂ ಒಂದು ಮನೆಯಿರುವುದು, ಅಲ್ಲಿಯೂ ಮಕ್ಕಳು ಹಸಿದಿರುವರು ಎಂಬುದನ್ನು ಮರೆಯಲಾಗದು. ಪ್ರಶ್ನೆಯು ಅಲ್ಲಿ ಪರಿಹಾರವಾಗದೆ ವಿಳಾಸವನ್ನು ಮಾತ್ರ ಬದಲಾಯಿಸಿಕೊಳ್ಳುವುದು. ಈ ಕಾರಣದಿಂದ ಎರಡನೆಯ ಮತ್ತು ಮೂರನೆಯ ದಾರಿಗಳು ಹೆಚ್ಚಿನ ವಿಚಾರಕ್ಕೆ ಅರ್ಹವಾಗಿವೆ.

ಎರಡನೆಯ ದಾರಿಗೆ ಸಾಧನವಾಗಿ ಬಂದಿರುವುದು ಸ್ಲೋ ಕುಕ್ಕರು ಎಂಬ ವಿದ್ಯುತ್ತಿನ ಪಾತ್ರೆ. ಅಮೇರಿಕದ ಮನೆಗಳಲ್ಲಿ ಅದು ಹಳೆಯ ಪರಿಚಯ. ಅಲ್ಲಿ ನೆಲಸಿರುವ ಕನ್ನಡ ಕುಟುಂಬಗಳ ಅಡಿಗೆಮನೆಗಳಿಗೂ ಅದು ಹೊಕ್ಕಿದೆ. ನಮ್ಮ ನಾಡಿನ ಪಟ್ಟಣಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣಬರುವುದು. ಅದರ ರಚನೆ ಬಹಳ ಸರಳ. ಒಳಗೆ ಮೆರುಗು ಕೊಟ್ಟ ಪಿಂಗಾಣಿಯ ದಪ್ಪ ಪಾತ್ರೆ; ಅದರ ಸುತ್ತ ಕಾಯುವ ತಂತಿಯನ್ನು ಅಡಗಿಸಿಕೊಂಡ ಲೋಹದ ಹೊರಕವಚ; ಮೇಲೆ ಬಿಗಿಯಾಗಿ ಕೂರುವ ಗಾಜಿನ ಮುಚ್ಚಳ. ಸಾಮಾನ್ಯ ಗಾತ್ರದ ಪಾತ್ರೆಯೊಂದು ಸುಮಾರು 200 ವ್ಯಾಟಿನಷ್ಟು ವಿದ್ಯುತ್ತನ್ನು ಎಳೆಯುವುದು. ಎಂಟು ಗಂಟೆಯ ಕಾಲ ಎಡೆಬಿಡದೆ ಎಳೆದರೂ ಖರ್ಚು ಒಂದೂವರೆ ಯೂನಿಟ್ಟಿಗಿಂತ ತುಸು ಹೆಚ್ಚು ಅಷ್ಟೆ. ಒಳಗಿನ ಪದಾರ್ಥವು ಮೆಲ್ಲಮೆಲ್ಲನೆ ಕಾದು, ಕುದಿಯ ಅಂಚನ್ನು ಮುಟ್ಟಿ, ಅಲ್ಲಿಯೇ ನಿಲ್ಲುವುದು. ಸಣ್ಣ ಕಾವಿನಲ್ಲಿ ಇಟ್ಟರೆ ಏಳೆಂಟು ಗಂಟೆ, ಹೆಚ್ಚಿನ ಕಾವಿನಲ್ಲಿ ಇಟ್ಟರೆ ಮೂರು ನಾಲ್ಕು ಗಂಟೆ ಬೇಯಲು ಬೇಕು. ತಳ ಹತ್ತುವ ಭಯ ಕಡಮೆ. ಉಕ್ಕುವ ಭಯ ಅದಕ್ಕಿಂತಲೂ ಕಡಮೆ. ಬೆಳಗ್ಗೆ ತುಂಬಿಟ್ಟು ಹೊರಟರೆ ಸಂಜೆ ಬರುವ ಹೊತ್ತಿಗೆ ಊಟದ ಮುಖ್ಯ ಭಾಗವು ಬೆಂದು ಕಾಯುತ್ತಿರುವುದು.

ವೈದ್ಯಶಾಸ್ತ್ರದಲ್ಲಿ ಮಂದಾಗ್ನಿಯೆಂದರೆ ಹೊಟ್ಟೆಯ ರೋಗ. ಅದೇ ಮಾತು ಅಡಿಗೆಮನೆಗೆ ಬಂದಾಗ ಗುಣವಾಗುವುದು. ಕಾಳಿನ ಬಿರುಸು, ಮಾಂಸದ ನಾರು, ಗೆಡ್ಡೆಗಳ ಗಟ್ಟಿತನ ಇವೆಲ್ಲವೂ ಹೆಚ್ಚು ಉರಿಗಿಂತ ಹೆಚ್ಚು ಹೊತ್ತಿಗೆ ಮಣಿಯುವುವು. ಬಿರುಸಾದ ಮಾಂಸದಲ್ಲಿ ಎಳೆಗಳನ್ನು ಬಿಗಿದು ಹಿಡಿದಿರುವ ದ್ರವ್ಯವು ಗಂಟೆಗಟ್ಟಲೆ ಹಿತವಾದ ಕಾವಿನಲ್ಲಿದ್ದರೆ ಕರಗಿ ಮೃದುವಾಗುವುದೆಂದು ರಸಾಯನಶಾಸ್ತ್ರಜ್ಞರು ಹೇಳುವರು.

ಈ ಪಾತ್ರೆಯ ಹುಟ್ಟಿನ ಕಥೆ ಪ್ರಕೃತ ವಿಷಯಕ್ಕೆ ಬಹಳ ಹತ್ತಿರವಾದುದು. ಅದನ್ನು ಕಲ್ಪಿಸಿದವನು ಅಮೇರಿಕದ ಷಿಕಾಗೋ ನಗರದಲ್ಲಿದ್ದ ಅರ್ವಿಂಗ್ ನಾಕುಮ್‌ಸನ್ ಎಂಬ ಯೆಹೂದಿ ಎಂಜಿನಿಯರು. ಮುಂದೆ ಅವನು ತನ್ನ ಮನೆತನದ ಹೆಸರನ್ನು ನ್ಯಾಕ್ಸನ್ ಎಂದು ಮಾರ್ಪಡಿಸಿಕೊಂಡನು. 1936ರಲ್ಲಿ ಅರ್ಜಿ ಹಾಕಿ 1940ರಲ್ಲಿ ಈ ಪಾತ್ರೆಗೆ ಪೇಟೆಂಟನ್ನು ಪಡೆದನು. ಇದಕ್ಕೆ ಸ್ಫೂರ್ತಿ ತಾಯಿಯ ಬಾಯಿಂದ ಕೇಳಿದ ಲಿಥುವೇನಿಯಾ ದೇಶದ ನೆನಪು. ಯೆಹೂದಿಗಳ ಧರ್ಮದಲ್ಲಿ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಸಬ್ಬತ್ ಎಂಬ ವಿಶ್ರಾಂತಿಯ ಕಾಲ. ಆಗ ಬೆಂಕಿ ಹೊತ್ತಿಸುವುದೂ ಅಡಿಗೆ ಮಾಡುವುದೂ ನಿಷಿದ್ಧ. ಆದರೂ ಸಬ್ಬತ್ತಿನ ಮಧ್ಯಾಹ್ನಕ್ಕೆ ಬಿಸಿಯಾದ ಊಟ ಬೇಕು. ಅದಕ್ಕಾಗಿ ಕಾಳು, ಬಾರ್ಲಿ, ಆಲೂಗೆಡ್ಡೆ, ಮಾಂಸ ಇವುಗಳನ್ನು ಒಂದೇ ಪಾತ್ರೆಯಲ್ಲಿ ತುಂಬಿ ಚೋಲೆಂಟ್ ಎಂಬ ಅಡಿಗೆಗೆ ಅಣಿಮಾಡಿ, ಶುಕ್ರವಾರ ಹೊತ್ತು ಮುಳುಗುವ ಮುನ್ನ ಊರಿನ ರೊಟ್ಟಿಯಂಗಡಿಯ ಒಲೆಯಲ್ಲಿ ಇಟ್ಟುಬರುತ್ತಿದ್ದರು. ವಾರದ ಕೆಲಸ ಮುಗಿಸಿ ಆರಿಸಿದ ಆ ದೊಡ್ಡ ಒಲೆಯ ಉಳಿದ ಕಾವಿನಲ್ಲಿ ಪಾತ್ರೆಯು ರಾತ್ರಿಯೆಲ್ಲಾ ಬೇಯುತ್ತಿತ್ತು. ತಾಯಿಯು ಬಾಲ್ಯದಲ್ಲಿ ಕಂಡ ಈ ಪದ್ಧತಿಯನ್ನು ಮಗನು ವಿದ್ಯುತ್ತಿನ ತಂತಿಗೆ ಅಳವಡಿಸಿದನು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಹಳೆಯ ಪಾತ್ರೆಯನ್ನು ಒಲೆಯಲ್ಲಿ ಇಟ್ಟದ್ದು ವಿಶ್ರಾಂತಿಗಾಗಿ. ಆ ವಿಶ್ರಾಂತಿಯು ಮನೆಯ ಯಜಮಾನನಿಗೆ ಮಾತ್ರ ಸಲ್ಲುವುದಲ್ಲ. ಅಡಿಗೆ ಮಾಡುವವಳಿಗೂ ಆಳಿಗೂ ಸಲ್ಲತಕ್ಕುದೆಂಬುದು ಆ ಧರ್ಮದ ಕಟ್ಟಳೆ. ಎಲ್ಲರೂ ಕೈಕಟ್ಟಿ ಕೂರಬೇಕಾದ ದಿನದಂದು ಅಡಿಗೆಯ ಕೆಲಸವನ್ನು ಕಾವಿಗೆ ಒಪ್ಪಿಸಿ ಕೂರುತ್ತಿದ್ದರು.

ನ್ಯಾಕ್ಸನ್ನನ ಪಾತ್ರೆ ಬಹುಕಾಲ ಕಾಳು ಬೇಯಿಸುವ ಸಾಧನವಾಗಿಯೇ ಮಾರಾಟವಾಗುತ್ತಿತ್ತು. 1970ರಲ್ಲಿ ಕ್ಯಾನ್ಸಸ್ ನಗರದ ರೈವಲ್ ಎಂಬ ಕಂಪೆನಿಯು ಅವನ ಉದ್ಯಮವನ್ನು ಕೊಂಡುಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೊಸ ಹೆಸರಿನಿಂದ ಅದನ್ನು ಪೇಟೆಗೆ ತಂದಿತು. ಅಮೇರಿಕದ ಸ್ತ್ರೀಯರು ದೊಡ್ಡ ಸಂಖ್ಯೆಯಲ್ಲಿ ಮನೆಯ ಹೊರಗಿನ ಉದ್ಯೋಗಗಳಿಗೆ ಹೋಗುತ್ತಿದ್ದ ಕಾಲ ಅದು. ಅಡಿಗೆಯವಳು ಹೊರಗಿದ್ದರೂ ಅಡಿಗೆಯು ಸಾಗುತ್ತಿರುವುದೆಂದು ಜಾಹೀರಾತುಗಳು ಸಾರಿದುವು. ಪಾತ್ರೆಯೊಂದೇ, ಕಾವೊಂದೇ, ಆದರೆ ಅದರ ಉದ್ದೇಶವು ಸದ್ದಿಲ್ಲದೆ ಬದಲಾಯಿತು. ಲಿಥುವೇನಿಯಾದಲ್ಲಿ ಅದು ಹೆಂಗಸಿಗೆ ಒಂದು ದಿನದ ಬಿಡುವನ್ನು ಕೊಟ್ಟಿತ್ತು. ಅಮೇರಿಕದಲ್ಲಿ ಒಂದು ದುಡಿಮೆಯ ಜತೆಗೆ ಇನ್ನೊಂದು ದುಡಿಮೆಯನ್ನೂ ಸಾಗಿಸುವ ಶಕ್ತಿಯನ್ನು ಕೊಟ್ಟಿತು. ಎರಡನೆಯದೂ ಸಣ್ಣ ವರವಲ್ಲ. ಸ್ವಂತ ಸಂಪಾದನೆಯಿಂದ ಸ್ತ್ರೀಯರಿಗೆ ಬಂದ ಸ್ವಾತಂತ್ರ್ಯವನ್ನು ಹಗುರಾಗಿ ಕಾಣುವುದು ವಿವೇಕವಲ್ಲ. ಆದರೂ ಒಂದೇ ಸಾಧನವು ಒಂದು ಕಡೆ ವಿಶ್ರಾಂತಿಗೂ ಇನ್ನೊಂದು ಕಡೆ ದುಡಿಮೆಗೂ ಒದಗಿತೆಂದ ಮೇಲೆ, ಅದು ಉಳಿಸಿಕೊಟ್ಟ ಹೊತ್ತು ಯಾರಿಗೆ ಸೇರಿತೆಂಬ ಪ್ರಶ್ನೆಗೆ ಉತ್ತರವನ್ನು ಪಾತ್ರೆಯೊಳಗೆ ಹುಡುಕುವುದು ವ್ಯರ್ಥ, ಮನೆಯವರಲ್ಲಿಯೇ ಹುಡುಕಬೇಕು.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜ. ನಮ್ಮ ನಾಡಿನ ಮನೆಮನೆಯಲ್ಲಿಯೂ ಪ್ರೆಷರ್ ಕುಕ್ಕರು ಇದೆ. ಅದು ಆವಿಯನ್ನು ಬಂಧಿಸಿ ನೀರಿನ ಕುದಿಯನ್ನು 100 ಡಿಗ್ರಿಯಿಂದ ಸುಮಾರು 120 ಡಿಗ್ರಿಯವರೆಗೆ ಏರಿಸಿ, ಬೇಳೆಯನ್ನು ಕಾಲು ಗಂಟೆಯಲ್ಲಿ ಕರಗಿಸುವುದು. ಕಾಲು ಗಂಟೆಯ ಕೆಲಸಕ್ಕೆ ಎಂಟು ಗಂಟೆ ಏತಕ್ಕೆ? ಈ ಆಕ್ಷೇಪದಲ್ಲಿ ವೇಗವನ್ನೂ ವಿರಾಮವನ್ನೂ ಒಂದೆಂದು ಎಣಿಸಿದ ದೋಷವಿದೆ. ಪ್ರೆಷರ್ ಕುಕ್ಕರು ಕಾಲವನ್ನು ಕುಗ್ಗಿಸುವುದು; ಆದರೆ ಆ ಕುಗ್ಗಿದ ಕಾಲದಲ್ಲಿ ಮನುಷ್ಯನು ಹತ್ತಿರವೇ ಇರಬೇಕು, ಕೂಗನ್ನು ಎಣಿಸಬೇಕು, ಉರಿಯನ್ನು ಆರಿಸಬೇಕು; ಅದೂ ಎಲ್ಲ ಕೆಲಸಗಳು ಒಟ್ಟಿಗೆ ಮುತ್ತುವ ಸಂಜೆಯ ಹೊತ್ತಿನಲ್ಲಿಯೇ. ನಿಧಾನದ ಪಾತ್ರೆಯು ಕಾಲವನ್ನು ಹಿಗ್ಗಿಸಿ ಮನುಷ್ಯನನ್ನು ಬಿಟ್ಟುಕೊಡುವುದು. ಗಡಿಯಾರದ ಲೆಕ್ಕದಲ್ಲಿ ಅದು ಸೋಮಾರಿ. ಮನಸ್ಸಿನ ಲೆಕ್ಕದಲ್ಲಿ ಅದು ಉಪಕಾರಿ. ಬೇಗ ಮುಗಿಯುವ ಕೆಲಸವೆಲ್ಲಾ ಹಗುರವಾದುದಲ್ಲ. ತಡವಾಗಿ ಮುಗಿಯುವುದೆಲ್ಲಾ ಹೊರೆಯೂ ಅಲ್ಲ. ಹೀಗೆಂದ ಮಾತ್ರಕ್ಕೆ ಒಂದನ್ನು ಕೊಂಡು ಇನ್ನೊಂದನ್ನು ಎಸೆಯಬೇಕೆಂದಲ್ಲ. ಅನ್ನಕ್ಕೆ ಒಂದು, ಸಾರಿಗೆ ಒಂದು ಎಂದು ಎರಡೂ ಒಂದೇ ಮನೆಯಲ್ಲಿ ನೆಮ್ಮದಿಯಿಂದ ಇರಬಲ್ಲುವು.

ಎರಡನೆಯ ಆಕ್ಷೇಪವು ಇದಕ್ಕಿಂತ ಆಳವಾದುದು. ಅಡಿಗೆಯೆಂಬುದು ಬರಿಯ ಬೇಯಿಸುವಿಕೆಯಲ್ಲ. ಅದು ಪ್ರೀತಿಯ ಒಂದು ರೂಪ. ಒಲೆಯ ಮುಂದೆ ನಿಂತು, ರುಚಿ ನೋಡಿ, ಮಕ್ಕಳ ಮುಖ ನೋಡಿ ಮಾಡಿದ ಅಡಿಗೆಗೂ, ಯಾರೂ ಇಲ್ಲದ ಮನೆಯಲ್ಲಿ ತಂತಿಯ ಕಾವಿನಿಂದ ತಾನೇ ಬೆಂದುದಕ್ಕೂ ಸಮಾನತೆಯೇ ಇಲ್ಲ ಎಂದು ಹಿರಿಯರು ಹೇಳುವರು. ಈ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿಯಾಗಿಲ್ಲ. ಹಿಂದಿನ ಮನೆಗಳ ಅಡಿಗೆಯನ್ನೇ ನೋಡಬಹುದು. ಮಣ್ಣಿನ ಒಲೆಯ ಪಕ್ಕದಲ್ಲಿ ಕೋಡೊಲೆಯಿರುತ್ತಿತ್ತು. ದೊಡ್ಡ ಒಲೆಯಲ್ಲಿ ಉರಿದು ಮಿಕ್ಕ ಕಾವು ಅದರೊಳಗೆ ಹಾಯ್ದು, ಅದರ ಮೇಲಿಟ್ಟ ಪಾತ್ರೆಯನ್ನು ಯಾರ ಗಮನವನ್ನೂ ಬೇಡದೆ ಬೇಯಿಸುತ್ತಿತ್ತು. ಬೆರಣಿಯ ಮಂದವಾದ ಕೆಂಡದ ಮೇಲೆ ಮಣ್ಣಿನ ಗಡಿಗೆಯ ಹಾಲು ಹಗಲೆಲ್ಲಾ ಕಾಯ್ದು ಕೆಂಪೇರಿ ಕೆನೆಗಟ್ಟುತ್ತಿತ್ತು. ಬಳಪದ ಕಲ್ಲಿನಿಂದ ಕೊರೆದ ಕಲ್ಚಟ್ಟಿಯಲ್ಲಿ ಮಾಡಿದ ಹುಳಿಯು ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಕುದಿಯುತ್ತಲೇ ಇರುತ್ತಿತ್ತು. ಹುರುಳಿಯನ್ನು ಒಲೆಯ ಮೇಲಿಟ್ಟು ಹೊಲಕ್ಕೋ ತೋಟಕ್ಕೋ ಹೋಗಿಬರುತ್ತಿದ್ದ ಹೆಂಗಸರು ಮನೆಯವರನ್ನು ಪ್ರೀತಿಸುತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ಬಂಗಾಳದಲ್ಲಿ 1910ರ ಸುಮಾರಿಗೆ ಇಂದುಮಾಧವ ಮಲ್ಲಿಕರು ನಿರ್ಮಿಸಿದ ಇಕ್ಮಿಕ್ ಕುಕ್ಕರೂ ಇದೇ ಕುಲದ್ದು. ಒಂದರ ಮೇಲೊಂದು ಜೋಡಿಸಿದ ಡಬ್ಬಿಗಳಲ್ಲಿ ಅಕ್ಕಿ, ಬೇಳೆ, ತರಕಾರಿಗಳನ್ನಿಟ್ಟು, ಕೆಳಗೆ ಇದ್ದಲಿನ ಕೆಂಡವನ್ನು ಹಾಕಿ ಮುಚ್ಚಿದರೆ, ಆವಿಯ ಕಾವಿನಲ್ಲಿ ಒಂದು ಪೂರ್ತಿ ಊಟವು ತಾನಾಗಿ ಸಿದ್ಧವಾಗುತ್ತಿತ್ತು. ಐರೋಪ್ಯ ದೇಶಗಳಲ್ಲಿ ಒಮ್ಮೆ ಕುದಿಸಿದ ಪಾತ್ರೆಯನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುಗಿದು, ಉರುವಲೇ ಇಲ್ಲದೆ ಬೇಯಿಸುವ ಪದ್ಧತಿಯಿತ್ತು. ಸೌದೆ ಇದ್ದಲುಗಳ ಅಭಾವವಾದ ಮಹಾಯುದ್ಧಗಳ ಕಾಲದಲ್ಲಿ ಅದಕ್ಕೆ ಮತ್ತೆ ಬೆಲೆ ಬಂದಿತು. ಅಡಿಗೆ ಮಾಡುವವರು ಸದಾ ಪಾತ್ರೆಯ ಪಕ್ಕದಲ್ಲಿಯೇ ಇರಬೇಕೆಂಬ ನಿಯಮವು ಯಾವ ದೇಶದಲ್ಲಿಯೂ ಇದ್ದಂತೆ ಕಾಣುವುದಿಲ್ಲ.

ಹಾಗಾದರೆ ಅಡಿಗೆಯ ಪ್ರೀತಿ ಎಲ್ಲಿದೆ? ಸೌಟು ಹಿಡಿದ ಕೈ ಒಲೆಯ ಮುಂದೆ ಎಷ್ಟು ಹೊತ್ತು ಇತ್ತೆಂಬ ಲೆಕ್ಕದಲ್ಲಿಲ್ಲ, ಮುಂದಾಲೋಚನೆಯಲ್ಲಿದೆ. ನಾಳೆ ಇವರು ಹಸಿಯುವರೆಂದು ಇಂದು ರಾತ್ರಿಯೇ ನೆನೆಯುವುದು, ಕಾಳನ್ನು ಆರಿಸಿ ನೀರಿಗೆ ಹಾಕುವುದು, ಯಾರಿಗೆ ಖಾರ ಆಗದು, ಯಾರಿಗೆ ಹುಳಿ ಸೇರದು ಎಂಬುದನ್ನು ಮರೆಯದಿರುವುದು ಇವೇ ಅಡಿಗೆಯ ಸಾರ. ಈ ನೆನಪನ್ನು ಯಾವ ಪಾತ್ರೆಯೂ ಮಾಡಿಕೊಡಲಾರದು. ನಿಧಾನದ ಪಾತ್ರೆಯು ಕಾಯುವ ಕೆಲಸವನ್ನು ಮಾತ್ರ ವಹಿಸಿಕೊಳ್ಳುವುದು. ಕಾಳಜಿಯ ಕೆಲಸವನ್ನು ಮನುಷ್ಯನಿಗೇ ಉಳಿಸುವುದು. ಕಾಯುವಿಕೆಯನ್ನೇ ಕಾಳಜಿಯೆಂದು ಭ್ರಮಿಸಿ ಒಬ್ಬರನ್ನು ಒಲೆಗೆ ಕಟ್ಟಿಹಾಕುವುದು ಪ್ರೀತಿಯ ಲಕ್ಷಣವಲ್ಲ.

ಪಾತ್ರೆಯು ತಿಳಿವಳಿಕೆಗೆ ಬದಲಾಗಲಾರದೆಂಬುದಕ್ಕೆ ಪ್ರತ್ಯಕ್ಷ ನಿದರ್ಶನಗಳಿವೆ. ರಾಜ್ಮಾ ಎಂಬ ಕೆಂಪು ಕಾಳಿನಲ್ಲಿ ಸ್ವಾಭಾವಿಕವಾಗಿಯೇ ಒಂದು ವಿಷದ್ರವ್ಯವಿದೆ. ಅದು ಚೆನ್ನಾಗಿ ಕುದಿಸಿದರೆ ಮಾತ್ರ ನಾಶವಾಗುವುದು. ಅರೆಗಾವಿನಲ್ಲಿ ಉಳಿದುಕೊಂಡು ವಾಂತಿ ಭೇದಿಗಳನ್ನು ಉಂಟುಮಾಡುವುದು. ಆದುದರಿಂದ ರಾಜ್ಮಾವನ್ನು ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಬೇರೆ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಸಳಸಳನೆ ಕುದಿಸಿದ ಮೇಲೆಯೇ ನಿಧಾನದ ಪಾತ್ರೆಗೆ ಹಾಕತಕ್ಕದ್ದು. ಮಂಜುಗಟ್ಟಿದ ಮಾಂಸವನ್ನು ಹಾಗೆಯೇ ಹಾಕಬಾರದು. ಅದು ಕಾಯುವಷ್ಟರಲ್ಲಿ ರೋಗಾಣುಗಳು ಬೆಳೆಯಲು ಅವಕಾಶವಾಗುವುದು. 5 ಡಿಗ್ರಿಗೂ 60 ಡಿಗ್ರಿಗೂ ನಡುವಣ ಉಷ್ಣತೆಯಲ್ಲಿ ಬಹುಹೊತ್ತು ನಿಂತ ಆಹಾರವು ಅಪಾಯಕರವೆಂದು ಆರೋಗ್ಯಶಾಸ್ತ್ರವು ಎಚ್ಚರಿಸುವುದು. ನಮ್ಮ ಊರುಗಳಲ್ಲಿ ಇದಕ್ಕೆ ಸಂಬಂಧಿಸಿದ ಇನ್ನೊಂದು ತೊಡಕಿದೆ. ಮನೆಯಲ್ಲಿ ಯಾರೂ ಇಲ್ಲದಾಗ ವಿದ್ಯುತ್ತು ಹೋಗಿ ಮತ್ತೆ ಬಂದರೆ, ಸಂಜೆ ಬಂದವರಿಗೆ ಆ ವಿಷಯ ತಿಳಿಯದೆ ಇರಬಹುದು. ಪಾತ್ರೆ ಬಿಸಿಯಾಗಿದ್ದರೂ ನಡುವೆ ಎಷ್ಟು ಹೊತ್ತು ತಣ್ಣಗಿತ್ತೆಂದು ಹೇಳುವವರಿಲ್ಲ. ಪದೇ ಪದೇ ವಿದ್ಯುತ್ತು ಹೋಗುವ ಊರಿನಲ್ಲಿ ಮನೆಯಲ್ಲಿ ಒಬ್ಬರಾದರೂ ಇರುವ ದಿನ ಮಾತ್ರ ಇದನ್ನು ಹೂಡುವುದು ಲೇಸು.

ಈ ಎಚ್ಚರಗಳನ್ನಿಟ್ಟುಕೊಂಡರೆ ಒಂದು ಸಂಜೆಯ ಊಟವನ್ನು ಹೀಗೆ ಯೋಜಿಸಬಹುದು. ಕಡಲೆಕಾಳನ್ನು ರಾತ್ರಿ ನೆನೆಹಾಕುವುದು. ಮಲಗುವ ಮುನ್ನ ಈರುಳ್ಳಿ, ಗೆಡ್ಡೆಗಳನ್ನು ಹೆಚ್ಚಿ, ಮಸಾಲೆಯನ್ನು ಅರೆದು ತಂಪಿನ ಪೆಟ್ಟಿಗೆಯಲ್ಲಿ ಇಡುವುದು. ಬೆಳಗ್ಗೆ ಕಾಳನ್ನು ಕೆಲವು ನಿಮಿಷ ಒಲೆಯ ಮೇಲೆ ಕುದಿಸಿ, ಎಲ್ಲವನ್ನೂ ಪಾತ್ರೆಗೆ ಸೇರಿಸಿ, ಬಿಸಿನೀರೆರೆದು ಮುಚ್ಚುವುದು. ಆವಿ ಹೊರಗೆ ಹೋಗದ ಕಾರಣ ನೀರು ವಾಡಿಕೆಗಿಂತ ಕಡಮೆ ಸಾಕು. ನಡುವೆ ಮುಚ್ಚಳ ತೆಗೆದು ನೋಡುವ ಚಪಲ ಸಲ್ಲದು. ಕಳೆದ ಕಾವು ಮತ್ತೆ ಕೂಡಿಕೊಳ್ಳಲು ಬಹಳ ಹೊತ್ತು ಹಿಡಿಯುವುದು. ಹುಣಿಸೆಹಣ್ಣಿನ ರಸವನ್ನು ಮೊದಲೇ ಹಾಕಿದರೆ ಕಾಳು ಬೇಯದೆ ಬಿರುಸಾಗಿಯೇ ಉಳಿಯುವುದು. ಬೇಳೆ ಬೆಂದ ಮೇಲೆಯೇ ಹುಳಿ ಎಂಬ ಅಡಿಗೆಮನೆಯ ಹಳೆಯ ಕ್ರಮವು ಇಲ್ಲಿಯೂ ಸತ್ಯ. ಸೊಪ್ಪನ್ನೂ ಕೊನೆಗೇ ಹಾಕಬೇಕು. ಸಂಜೆ ಹುಳಿ ಬೆರೆಸಿ ಕುದಿಸಿ, ಸಾಸಿವೆ ಕರಿಬೇವುಗಳ ಒಗ್ಗರಣೆ ಕೊಟ್ಟರೆ ಕೂಟು ಸಿದ್ಧ. ಮುದ್ದೆಯನ್ನೋ ಅನ್ನವನ್ನೋ ಮಾಡಿಕೊಳ್ಳಲು ಅರ್ಧ ಗಂಟೆ ಸಾಕು. ಮನೆ ತುಂಬುವ ಒಗ್ಗರಣೆಯ ಪರಿಮಳವನ್ನು ಎಂಟು ಗಂಟೆಯ ಕಾವು ಕೊಡಲಾರದು. ಆ ಎರಡು ನಿಮಿಷಕ್ಕೆ ಮನುಷ್ಯನ ಕೈಯೇ ಬೇಕು.

ಇಷ್ಟರಿಂದ ಸಂಜೆಯಲ್ಲಿ ಒಂದು ಗಂಟೆ ಉಳಿಯಿತೆನ್ನೋಣ. ನಿಜವಾದ ನೀತಿಪ್ರಶ್ನೆ ಹುಟ್ಟುವುದು ಇಲ್ಲಿಯೇ. ಆ ಒಂದು ಗಂಟೆ ಯಾರ ಸ್ವತ್ತು?

ರೂತ್ ಶ್ವಾರ್ಟ್ಸ್ ಕೋವನ್ ಎಂಬ ಅಮೇರಿಕದ ಇತಿಹಾಸಜ್ಞೆ 1983ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದಕ್ಕೆ ಸಂಬಂಧಿಸಿದ ವಿಚಿತ್ರವನ್ನು ತೋರಿಸಿಕೊಟ್ಟಿದ್ದಾರೆ. ಕಬ್ಬಿಣದ ಒಲೆ, ನಲ್ಲಿಯ ನೀರು, ಬಟ್ಟೆ ಒಗೆಯುವ ಯಂತ್ರ ಮುಂತಾದ ಸೌಕರ್ಯಗಳು ಮನೆಗೆ ಬಂದಂತೆಲ್ಲಾ, ಸೌದೆ ಕಡಿಯುವ, ನೀರು ಹೊರುವ ಗಂಡಸರ ಮತ್ತು ಮಕ್ಕಳ ಕೆಲಸಗಳು ಮರೆಯಾದುವು. ಗೃಹಿಣಿಯ ದುಡಿಮೆಯ ಹೊತ್ತು ಮಾತ್ರ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಒಂದೇ ಪಾತ್ರೆಯ ಊಟವಿದ್ದ ಕಡೆ ಹಲವು ಬಗೆಯ ಅಡಿಗೆಗಳು ಬಂದುವು. ಅಪರೂಪಕ್ಕೆ ಒಗೆಯುತ್ತಿದ್ದ ಬಟ್ಟೆಗಳನ್ನು ಅಡಿಗಡಿಗೆ ಒಗೆಯಬೇಕಾಯಿತು. ಸಾಧನವು ಉಳಿಸಿದ ಹೊತ್ತನ್ನು ಏರಿದ ನಿರೀಕ್ಷೆಯು ನುಂಗಿತು. ನಮ್ಮ ದೇಶದ ಲೆಕ್ಕವೂ ಸಮಾಧಾನಕರವಾಗಿಲ್ಲ. ಭಾರತ ಸರ್ಕಾರದ ಅಂಕಿಅಂಶಗಳ ಇಲಾಖೆ 2019ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ವೇತನವಿಲ್ಲದ ಗೃಹಕೃತ್ಯದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಅಷ್ಟೇ ಅಲ್ಲ, ಸ್ತ್ರೀಯರಲ್ಲಿ ನೂರಕ್ಕೆ 81 ಮಂದಿ ಆ ಕೆಲಸದಲ್ಲಿ ತೊಡಗಿದ್ದರೆ ಪುರುಷರಲ್ಲಿ ನೂರಕ್ಕೆ 26 ಮಂದಿ ಮಾತ್ರ. ಗ್ಯಾಸಿನ ಒಲೆ, ಮಿಕ್ಸಿ, ಪ್ರೆಷರ್ ಕುಕ್ಕರುಗಳು ಎಷ್ಟೋ ಮನೆಗಳಿಗೆ ಬಂದು ದಶಕಗಳಾದ ಮೇಲಿನ ಸ್ಥಿತಿಯಿದು.

ಆದುದರಿಂದ ಇನ್ನೊಂದು ಪಾತ್ರೆಯನ್ನು ಕೊಂಡುತಂದ ಮಾತ್ರಕ್ಕೆ ಸಂಜೆಯು ಹಗುರಾಗುವುದೆಂದು ನಂಬುವುದು ಭೋಳೆತನ. ಕೂಟು ತಾನಾಗಿ ಬೆಂದಿತಲ್ಲಾ, ಇನ್ನೊಂದು ಪಲ್ಯ ಮಾಡಬಹುದಲ್ಲವೆ ಎಂಬ ಮಾತು ಹೊರಟರೆ ಉಳಿದ ಗಂಟೆಯು ಅಲ್ಲಿಗೆ ಮುಗಿಯಿತು. ಆ ಮಾತನ್ನು ಬೇರೆಯವರೇ ಆಡಬೇಕೆಂದಿಲ್ಲ. ಸುಮ್ಮನೆ ಕುಳಿತರೆ ತಪ್ಪು ಮಾಡಿದಂತೆ ತೋರುವ ಅಭ್ಯಾಸಬಲದಿಂದ ಗೃಹಿಣಿಯ ಮನಸ್ಸೇ ಅವಳಿಗೆ ಹಾಗೆ ಹೇಳುವುದುಂಟು. ಇಲ್ಲಿ ಮೂರನೆಯ ದಾರಿಯ ಅವಶ್ಯಕತೆ ಕಂಡುಬರುವುದು. ಭಾರವನ್ನು ಕಡಮೆ ಮಾಡುವ ಶಕ್ತಿಯಿರುವುದು ಅಡಿಗೆ ಮಾಡುವವರಲ್ಲಿ ಅಲ್ಲ, ಉಣ್ಣುವವರಲ್ಲಿ. ವಾರದ ದಿನಗಳಲ್ಲಿ ಒಂದು ಸಾರು, ಒಂದು ಅನ್ನ ಅಥವಾ ಮುದ್ದೆ, ಸ್ವಲ್ಪ ಮಜ್ಜಿಗೆ ಸಾಕೆಂದು ಮನೆಯವರೆಲ್ಲಾ ಮನಃಪೂರ್ವಕವಾಗಿ ಒಪ್ಪಿದರೆ, ಅಷ್ಟರಮಟ್ಟಿಗೆ ಭಾರವು ನಿಜವಾಗಿಯೂ ಇಳಿಯುವುದು. ಈ ಒಪ್ಪಿಗೆಯು ಬಡತನದ ಲಕ್ಷಣವಲ್ಲ. ಬಿಸಿಬೇಳೆ ಅನ್ನವನ್ನೋ ಮುದ್ದೆ ಬಸ್ಸಾರನ್ನೋ ಕೊರತೆಯ ಊಟವೆಂದು ಕನ್ನಡಿಗರಲ್ಲಿ ಯಾರೂ ತಿಳಿದಿಲ್ಲ. ಹಬ್ಬದ ಎಲೆಗೆ ಹದಿನಾರು ಬಗೆಯಿರಲಿ. ಹಬ್ಬವು ಹಬ್ಬವಾಗಿ ಉಳಿಯಬೇಕಾದರೆ ವಾರದ ದಿನವು ವಾರದ ದಿನವಾಗಿರಬೇಕು.

ನಿಧಾನದ ಅಡಿಗೆಗೆ ಇನ್ನೊಂದು ಗುಣವಿದೆ; ಅದನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಅದು ಒಂದು ದೊಡ್ಡ ಕೆಲಸವನ್ನು ಹಲವು ಸಣ್ಣ ಕೆಲಸಗಳಾಗಿ ಒಡೆಯುವುದು. ಸಂಜೆಯ ಆತುರದ ಅಡಿಗೆಯಲ್ಲಿ ಕೈ ಪಳಗಿದವರೇ ನಿಲ್ಲಬೇಕು. ಪಳಗದವರು ನೆರವಿಗೆ ಬಂದರೆ ಅಡ್ಡಿಯೇ ಹೆಚ್ಚು. ಕೆಲಸವು ಹೀಗೆ ಒಬ್ಬರಿಗೇ ಅಂಟಿಕೊಳ್ಳುವುದು. ಆದರೆ ರಾತ್ರಿ ಊಟವಾದ ಮೇಲೆ ಕಾಳು ಆರಿಸುವುದಕ್ಕೆ ಹತ್ತು ವರ್ಷದ ಹುಡುಗನೂ ಸಾಕು. ಈರುಳ್ಳಿ ಹೆಚ್ಚಲು ಮನೆಯ ಯಜಮಾನನಿಗೆ ಯಾವ ವಿದ್ಯೆಯ ಕೊರತೆಯೂ ಇಲ್ಲ. ಬೆಳಗ್ಗೆ ನೀರೆರೆದು ಮುಚ್ಚಿ ಗುಂಡಿ ತಿರುಗಿಸುವುದನ್ನು ಕೊನೆಯಲ್ಲಿ ಹೊರಡುವವರು ಯಾರಾದರೂ ಮಾಡಬಹುದು. ಆತುರವಿಲ್ಲದ ಹೊತ್ತಿನಲ್ಲಿ ತಪ್ಪಿಗೂ ಕಲಿಕೆಗೂ ಎಡೆಯಿರುವುದು. ಹಿಂದೆ ನೆಪವಾಗಿದ್ದುದು ಈಗ ನೆಪವಾಗಿ ಉಳಿಯದು. ಬಾರದವರು ಬಾರದವರಾಗಿಯೇ ಉಳಿದರೆ ಅದು ಅಸಾಮರ್ಥ್ಯವಲ್ಲ, ಮನಸ್ಸಿಲ್ಲದಿರುವಿಕೆ ಎಂಬುದು ಬಯಲಾಗುವುದು.

ಅಮೇರಿಕದಲ್ಲಿ ನೆಲಸಿದ ಕನ್ನಡ ಮನೆಗಳಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುವುದು. ಅಲ್ಲಿ ಅತ್ತೆಯಾಗಲಿ, ತಾಯಿಯಾಗಲಿ, ಅಡಿಗೆಯ ಆಳಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲಾಗುವುದು. ಅಂಥ ಸಂಜೆ ಬಾಗಿಲು ತೆರೆದಾಗ ಬೇಯುತ್ತಿರುವ ಕಾಳಿನ ವಾಸನೆ ಬಂದರೆ, ಬೆಳಗಿನ ತನ್ನ ಮುಂದಾಲೋಚನೆಯೇ ತನ್ನನ್ನು ಮನೆಯೊಳಕ್ಕೆ ಕರೆದಂತಾಗುವುದು. ಮೊದಲನೆಯ ದಾರಿ ಸುಲಭವಾಗಿ ದೊರೆಯದ ಆ ಮನೆಗಳಲ್ಲಿ ಉಳಿದ ಎರಡು ದಾರಿಗಳ ಬೆಲೆ ಬೇಗ ತಿಳಿಯುವುದು.

ಕೊನೆಗೆ ನಿರ್ಣಯ ಮಾಡಬೇಕಾದುದು ಇಷ್ಟು. ಸಾಧನಗಳು ಹೊತ್ತನ್ನು ಸೃಷ್ಟಿಸುವುದಿಲ್ಲ, ಸ್ಥಳಾಂತರಿಸುವುವು. ಸ್ಥಳಾಂತರಗೊಂಡ ಹೊತ್ತು ಎಲ್ಲಿ ಹೋಗಿ ನಿಲ್ಲಬೇಕೆಂಬುದನ್ನು ಮನೆಯವರು ಕೂಡಿ ನಿಶ್ಚಯಿಸದಿದ್ದರೆ, ಅದು ವಾಡಿಕೆಯ ತಗ್ಗಿಗೇ ಹರಿದುಹೋಗುವುದು. ಉಳಿದ ಹೊತ್ತು ಮೊದಲು ಸಲ್ಲತಕ್ಕುದು ಈವರೆಗೆ ಅದನ್ನು ತೆತ್ತವರಿಗೆ. ಅವರು ಅದರಲ್ಲಿ ಪುಸ್ತಕ ಓದಲಿ, ನಡೆದುಬರಲಿ, ಮಕ್ಕಳೊಡನೆ ಹರಟಲಿ, ಏನೂ ಮಾಡದೆ ಕುಳಿತಿರಲಿ; ಅದರ ಲೆಕ್ಕವನ್ನು ಕೇಳುವ ಅಧಿಕಾರ ಉಳಿದವರಿಗಿಲ್ಲ. ಸಬ್ಬತ್ತಿನ ಪಾತ್ರೆಯನ್ನು ಇಟ್ಟ ಜನರು ತಿಳಿದಿದ್ದ ಮಾತು ಇದು: ಕೆಲವು ಹೊತ್ತುಗಳು ಯಾವ ಉಪಯೋಗಕ್ಕೂ ಬಾರದಿರುವುದೇ ಅವುಗಳ ಉಪಯೋಗ. ಅವರಿಗೆ ಆ ಬಿಡುವನ್ನು ಧರ್ಮವೇ ಕಟ್ಟಳೆಯಾಗಿ ವಿಧಿಸಿತ್ತು. ಕಟ್ಟಳೆಯಿಲ್ಲದ ಮನೆಗಳಲ್ಲಿ ಅದನ್ನು ಪರಸ್ಪರ ಗೌರವವೇ ವಿಧಿಸಬೇಕಾಗಿದೆ. ಅದಾಗುವವರೆಗೆ ಪಾತ್ರೆಯು ಎಷ್ಟೇ ನಿಧಾನವಾಗಿ ಬೇಯಿಸಿದರೂ ಒಬ್ಬರ ಸಂಜೆಯು ಆತುರದಲ್ಲಿಯೇ ಕಳೆಯುವುದು.